ಬೆಂಗಳೂರಿನ ಒಂದು ಒಪ್ಪಂದ, ಮೂರು ಕೇಸು: ಬುಟೀಕ್ ವಕೀಲರ ಲೋಕ ನಮಗ್ಯಾಕೆ ಗೊತ್ತಿರಬೇಕು?

ಬುಟೀಕ್ ಅಂದ ಕೂಡಲೇ ನಮಗೆ ನೆನಪಾಗೋದು ಮದುವೆ ಬ್ಲೌಸ್ ಹೊಲಿಸುವ ಅಂಗಡಿ. ವಕೀಲರ ಲೋಕದಲ್ಲೂ ಈ ಪದ ಇದೆ. ತೆರಿಗೆಯಿಂದ ಹಿಡಿದು ಕಂಪನಿ ವಿಲೀನದವರೆಗೆ ಎಲ್ಲವನ್ನೂ ಮಾಡುವ ದೊಡ್ಡ ಲಾ ಫರ್ಮ್ ಅಲ್ಲ, ಕೆಲವೇ ಮಂದಿ ಕೂತು ಒಂದೇ ಕಸುಬು ಮಾಡುವ ಸಣ್ಣ ಕಚೇರಿ. ಆ ಕಸುಬು ಆರ್ಬಿಟ್ರೇಷನ್ ಆಗಿದ್ದರೆ, ಅಲ್ಲಿ ಪಣಕ್ಕಿರುವುದು ಎಷ್ಟೋ ಸಲ ನಮ್ಮ-ನಿಮ್ಮ ತೆರಿಗೆ ದುಡ್ಡು.

ಆರ್ಬಿಟ್ರೇಷನ್ ಅಂದರೆ ಒಂದು ರೀತಿಯಲ್ಲಿ ಪಂಚಾಯ್ತಿ. ಕೋರ್ಟಿಗೆ ಹೋಗುವ ಬದಲು ಎರಡೂ ಕಡೆಯವರು ತಮ್ಮ ಪಂಚರನ್ನು ತಾವೇ ಆರಿಸಿಕೊಳ್ಳುತ್ತಾರೆ. ಎರಡು ಕಂಪನಿಗಳು ತಮ್ಮ ಒಪ್ಪಂದದ ಮೇಲೆ ಜಗಳವಾಡಿದರೆ ಅದು ವಾಣಿಜ್ಯ ಆರ್ಬಿಟ್ರೇಷನ್. ವಿದೇಶಿ ಹೂಡಿಕೆದಾರರು ನೇರವಾಗಿ ಸರ್ಕಾರವನ್ನೇ ಎಳೆದು ತಂದರೆ ಅದು ಹೂಡಿಕೆ ಆರ್ಬಿಟ್ರೇಷನ್. ಎರಡನೆಯದಕ್ಕೆ ಒಪ್ಪಂದವೇ ಬೇಕಿಲ್ಲ. ಎರಡು ದೇಶಗಳು ಎಂದೋ ಮಾಡಿಕೊಂಡ ಹೂಡಿಕೆ ರಕ್ಷಣಾ ಒಡಂಬಡಿಕೆ ಸಾಕು.

ಇವೆರಡೂ ಒಂದೇ ಕತೆಯಲ್ಲಿ ಬಂದದ್ದನ್ನು ನೋಡೋಕೆ ದೂರ ಹೋಗಬೇಕಿಲ್ಲ. ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಬೆಂಗಳೂರಿನದ್ದು. ದೇವಾಸ್ ಮಲ್ಟಿಮೀಡಿಯಾ ಕೂಡ ಬೆಂಗಳೂರಿನದ್ದೇ. 2005ರ ಜನವರಿಯಲ್ಲಿ ಇವರಿಬ್ಬರ ನಡುವೆ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳನ್ನು ಗುತ್ತಿಗೆ ಕೊಡುವ ಒಪ್ಪಂದ ಆಯ್ತು. 2ಜಿ ಗದ್ದಲದ ನಡುವೆ, 2011ರ ಫೆಬ್ರವರಿಯಲ್ಲಿ, ರಕ್ಷಣೆ ಮತ್ತಿತರ ಅಗತ್ಯಗಳಿಗೆ ತರಂಗಾಂತರ ಬೇಕು ಎಂದು ಕೇಂದ್ರ ಸಂಪುಟದ ಭದ್ರತಾ ಸಮಿತಿ ತೀರ್ಮಾನಿಸಿತು. ಆಂಟ್ರಿಕ್ಸ್ ಒಪ್ಪಂದ ರದ್ದು ಮಾಡಿತು.

ಅಲ್ಲಿಂದ ಮೂರು ಕೇಸು. ದೇವಾಸ್ ಕಂಪನಿ ಆಂಟ್ರಿಕ್ಸ್ ಮೇಲೆ ಹೂಡಿದ್ದು ವಾಣಿಜ್ಯ ಕೇಸು. 2015ರಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರ, ಮೇಲೆ ಬಡ್ಡಿ. ಅದೇ ದೇವಾಸ್‌ನ ಮಾರಿಷಸ್ ಹೂಡಿಕೆದಾರರು 1998ರ ಭಾರತ–ಮಾರಿಷಸ್ ಒಡಂಬಡಿಕೆ ಹಿಡಿದು ಭಾರತ ಸರ್ಕಾರದ ಮೇಲೆ ಹೋದರು. ಡಾಯ್ಚ್ ಟೆಲಿಕಾಂ 1995ರ ಭಾರತ–ಜರ್ಮನಿ ಒಡಂಬಡಿಕೆ ಹಿಡಿಯಿತು. ಮಾರಿಷಸ್ ಕೇಸಿನಲ್ಲಿ 2020ರಲ್ಲಿ 11.1 ಕೋಟಿ ಡಾಲರ್, ಜರ್ಮನಿ ಕೇಸಿನಲ್ಲಿ ಅದೇ ವರ್ಷ 9.33 ಕೋಟಿ ಡಾಲರ್, ಎರಡಕ್ಕೂ ಬಡ್ಡಿ ಬೇರೆ. ಮಜಾ ನೋಡಿ: ಮಾರಿಷಸ್ ಕೇಸಿನ ಪಂಚರು ತರಂಗಾಂತರದ ಶೇ 60 ಭಾಗ ದೇಶದ ಭದ್ರತೆಗೆ ಬೇಕಿತ್ತು ಅಂತ ಒಪ್ಪಿದರು. ಜರ್ಮನಿ ಕೇಸಿನ ಪಂಚರು ಭದ್ರತೆಯ ವಾದವನ್ನೇ ಒಪ್ಪಲಿಲ್ಲ. ಸರ್ಕಾರದ ನಿರ್ಧಾರ ಒಂದೇ, ಉತ್ತರ ಎರಡು.

ಹಾಗಾದರೆ ಈ ಪಂಚರು ಯಾರು? ಇಲ್ಲೇ ಬುಟೀಕ್ ಫರ್ಮ್ ಬರೋದು. ಡಾಯ್ಚ್ ಟೆಲಿಕಾಂ ಕೇಸಿನ ಪೀಠದ ಅಧ್ಯಕ್ಷೆ ಗೇಬ್ರಿಯೆಲ್ ಕಾಫ್‌ಮನ್-ಕೋಲರ್. ಜಿನೀವಾದ ಲೆವಿ ಕಾಫ್‌ಮನ್-ಕೋಲರ್ ಇಂಥದ್ದೇ ಒಂದು ಸಣ್ಣ ಫರ್ಮ್. ಇವು ಸಣ್ಣದಾಗಿಯೇ ಇರುವುದಕ್ಕೆ ಕಾರಣ ಇದೆ. ಸಾವಿರ ಕಕ್ಷಿದಾರರಿರುವ ಫರ್ಮ್‌ನ ವಕೀಲ ಪಂಚನಾಗಿ ಕೂತರೆ, ಯಾವುದೋ ಶಾಖೆಯ ಯಾವುದೋ ಕಕ್ಷಿದಾರ ಈ ಕೇಸಿಗೆ ನಂಟುಳ್ಳವನಾಗಿರುತ್ತಾನೆ. ತಕ್ಷಣ ಹಿತಾಸಕ್ತಿ ಸಂಘರ್ಷದ ಆಕ್ಷೇಪ ಏಳುತ್ತೆ. ಫರ್ಮ್ ಚಿಕ್ಕದಾದಷ್ಟೂ ಆ ತಲೆನೋವು ಕಡಿಮೆ. ಒಂದೇ ಕಸುಬಾದ್ದರಿಂದ ಹಳೆಯ ತೀರ್ಪು, ಪಂಚರ ಒಲವು ಎಲ್ಲ ಬಾಯಿಪಾಠ.

ತೊಂದರೆ ಇರೋದೂ ಅಲ್ಲೇ. ಈ ಲೋಕ ಬಹಳ ಚಿಕ್ಕದು. ಒಂದು ಕೇಸಿನಲ್ಲಿ ವಕೀಲನಾದವನು ಇನ್ನೊಂದರಲ್ಲಿ ಪಂಚ. ಮಾರಿಷಸ್ ಕೇಸಿನಲ್ಲೇ ಭಾರತ ಇಬ್ಬರು ಪಂಚರ ಮೇಲೆ ಆಕ್ಷೇಪ ಎತ್ತಿತು. ‘ದೇಶದ ಭದ್ರತೆ’ ಎಂಬ ವಾದದ ಬಗ್ಗೆ ಹಿಂದಿನ ಕೇಸುಗಳಲ್ಲಿ, ಬರಹಗಳಲ್ಲಿ ಮೊದಲೇ ಗಟ್ಟಿ ನಿಲುವು ತಳೆದಿದ್ದರು ಅನ್ನೋದು ದೂರು. 2013ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಆಗಿನ ಅಧ್ಯಕ್ಷ ಪೀಟರ್ ಟೊಮ್ಕಾ, ಫ್ರಾನ್ಸಿಸ್ಕೊ ಒರೆಗೊ ವಿಕುನ್ಯಾ ವಿರುದ್ಧದ ಆಕ್ಷೇಪವನ್ನು ಎತ್ತಿಹಿಡಿದರು, ಇನ್ನೊಬ್ಬರ ಮೇಲಿನದ್ದನ್ನು ತಳ್ಳಿಹಾಕಿದರು. ನನ್ನ ಪ್ರಕಾರ ಭಾರತ ಅಲ್ಲಿ ಸರಿಯಾದ ಪ್ರಶ್ನೆಯನ್ನೇ ಕೇಳಿತ್ತು.

ಭಾರತದ ಇತರ ಹೆಜ್ಜೆಗಳ ಬಗ್ಗೆ ಅದೇ ಮಾತು ಹೇಳೋದು ಕಷ್ಟ. 2021ರಲ್ಲಿ ಆಂಟ್ರಿಕ್ಸ್ ಎನ್‌ಸಿಎಲ್‌ಟಿ ಬೆಂಗಳೂರು ಪೀಠಕ್ಕೆ ಹೋಗಿ, ದೇವಾಸ್ ಹುಟ್ಟಿದ್ದೇ ವಂಚನೆಗೆ ಎಂದು ವಾದಿಸಿ ಆ ಕಂಪನಿಯನ್ನೇ ಮುಚ್ಚಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ 56.25 ಕೋಟಿ ಡಾಲರ್‌ನ ತೀರ್ಪನ್ನೂ ರದ್ದು ಮಾಡಿತು. ವಂಚನೆ ನಡೆದಿದೆ ಎಂದು ನಮ್ಮ ಅತ್ಯುನ್ನತ ಕೋರ್ಟೇ ಹೇಳಿದೆ, ಅದನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ. ಆದರೆ ಒಪ್ಪಂದ ಆಗಿ 16 ವರ್ಷ, ತೀರ್ಪು ಬಂದು 5 ವರ್ಷ ಆದ ಮೇಲೆ ಕಂಪನಿ ಮುಚ್ಚಿಸಲು ಹೊರಟಿದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಮತ್ತೆ, ಅದರಿಂದ ಮುಗಿಯಲೂ ಇಲ್ಲ. ದೇವಾಸ್ ಇಲ್ಲವಾದರೂ ಮಾರಿಷಸ್ ಹೂಡಿಕೆದಾರರ ಮತ್ತು ಜರ್ಮನ್ ಕಂಪನಿಯ ತೀರ್ಪುಗಳು ಅವರವರ ಹೆಸರಲ್ಲೇ ಇವೆ. 2021ರ ಕೊನೆಗೆ ಕೆನಡಾದ ಕ್ವಿಬೆಕ್ ಕೋರ್ಟ್, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಮೂಲಕ ಬರಬೇಕಿದ್ದ ದುಡ್ಡಿಗೆ ತಡೆ ಹಾಕಿತು. ಇತ್ತ ಭಾರತದಲ್ಲಿ ರದ್ದಾದ ಆ ವಾಣಿಜ್ಯ ತೀರ್ಪಿನ ಹಿಂದೆ ಹೂಡಿಕೆದಾರರು ಅಮೆರಿಕದಲ್ಲಿ ಇನ್ನೂ ಬಿದ್ದಿದ್ದಾರೆ. ಆಂಟ್ರಿಕ್ಸ್‌ಗೆ ಅಮೆರಿಕದ ಜೊತೆ ಸಾಕಷ್ಟು ನಂಟಿಲ್ಲ ಎಂಬ ಕಾರಣಕ್ಕೆ ಕೇಸು ಕೈಬಿಟ್ಟಿದ್ದು ತಪ್ಪು ಎಂದು 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿ, ಅದನ್ನು ಕೆಳಗಿನ ಮೇಲ್ಮನವಿ ಕೋರ್ಟಿಗೆ ವಾಪಸ್ ಕಳಿಸಿತು.

ಇಷ್ಟೆಲ್ಲ ನಡೆದರೂ ವಿಚಾರಣೆ ವೇಳೆ ಯಾರು ಏನು ವಾದಿಸಿದರು ಅಂತ ನಮಗೆ ಗೊತ್ತಾಗೋದು ತೀರ್ಪು ಕೋರ್ಟಿನ ಮೆಟ್ಟಿಲೇರಿದ ಮೇಲೆ. 2019ರ ತಿದ್ದುಪಡಿಯ ನಂತರ ನಮ್ಮ ಆರ್ಬಿಟ್ರೇಷನ್ ಕಾಯ್ದೆಯ 42ಎ ಕಲಂ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ಇಬ್ಬರು ವ್ಯಾಪಾರಿಗಳ ಜಗಳಕ್ಕೆ ಅದು ಸರಿ. ಒಂದು ಕಡೆ ಸಾರ್ವಜನಿಕ ಸಂಸ್ಥೆ ಇದ್ದಾಗಲೂ ಅದೇ ನಿಯಮ ಯಾಕೆ?

ಸರ್ಕಾರ ಹಿಡಿದಿರುವ ದಾರಿ ಬೇರೆ. 2024ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ, ಸರ್ಕಾರಿ ಖರೀದಿ ಒಪ್ಪಂದಗಳಲ್ಲಿ ಆರ್ಬಿಟ್ರೇಷನ್ ಅನ್ನು 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಸೀಮಿತಗೊಳಿಸಲು ಸೂಚಿಸಿತು. ಅಂದರೆ ದೊಡ್ಡ ಜಗಳಗಳು ಮತ್ತೆ ಕೋರ್ಟಿಗೆ. ಭಾರತ ಹೂಡಿಕೆ ಆರ್ಬಿಟ್ರೇಷನ್‌ನಲ್ಲಿ ಮೊದಲ ಸಲ ಸೋತದ್ದು 2011ರಲ್ಲಿ, ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಎದುರು. ಆ ಕಂಪನಿಯ ದೂರು ಏನಾಗಿತ್ತು ಗೊತ್ತಾ? ನಮ್ಮ ಕೋರ್ಟುಗಳಲ್ಲಿ ಅದರ ಕೇಸು ಒಂಬತ್ತು ವರ್ಷ ಕಳೆದರೂ ಮುಗಿದಿರಲಿಲ್ಲ.