ಹೊಂಡದಲ್ಲಿ ಮುತ್ತಿನ ಬೆಳೆ: ಆಸೆ ಮತ್ತು ಎಚ್ಚರ

ಸ್ವಾತಿ ಮಳೆಯ ಹನಿಯು ಬಾಯ್ದೆರೆದ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ವಿಜ್ಞಾನವು ಹೇಳುವ ಕಥೆ ಬೇರೆ. ಚಿಪ್ಪಿನೊಳಗಿನ ಮೃದುವಾದ ಜೀವಿಯನ್ನು ತೆಳುವಾದ ಪೊರೆಯೊಂದು ಆವರಿಸಿರುತ್ತದೆ. ಚಿಪ್ಪಿನ ಒಳಮೈಗೆ ಹೊಳಪನ್ನು ಕೊಡುವುದು ಈ ಪೊರೆಯೇ. ಪರವಸ್ತುವೊಂದು ಒಳಹೊಕ್ಕು ಉಳಿದುಕೊಂಡಾಗ ಪೊರೆಯ ಜೀವಕೋಶಗಳು ಅದರ ಸುತ್ತಲೂ ಪದರದ ಮೇಲೆ ಪದರವನ್ನು ಕಟ್ಟುತ್ತವೆ. ಅದುವೇ ಮುತ್ತು. ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ತಾಂಬೂಲದ ಸುಣ್ಣಕ್ಕಾಗಿ ಹಿರಿಯರು ಸುಡುತ್ತಿದ್ದ ಕಪ್ಪೆಚಿಪ್ಪಿನದೂ ಇದೇ ದ್ರವ್ಯ.

ಸಹಜವಾದ ಮುತ್ತು ಅತಿ ವಿರಳ. ಆದುದರಿಂದ ಮನುಷ್ಯನು ತಾನೇ ಚಿಪ್ಪಿನೊಳಗೆ ಮಣಿಯನ್ನಿಟ್ಟು ಮುತ್ತನ್ನು ಬೆಳೆಯುವ ವಿದ್ಯೆಯನ್ನು ಕಂಡುಕೊಂಡನು. ಜಪಾನಿನ ಮಿಕಿಮೊಟೊ ಅವರು 1893ರಲ್ಲಿ ಅರ್ಧಗೋಳಾಕಾರದ ಮುತ್ತುಗಳನ್ನು ಪಡೆದರು. ನಮ್ಮ ದೇಶದಲ್ಲಿ 1973ರಲ್ಲಿ ತೂತ್ತುಕುಡಿಯಲ್ಲಿ ಸಮುದ್ರದ ಚಿಪ್ಪಿನಿಂದ ಈ ಕಾರ್ಯ ಸಿದ್ಧಿಸಿತು. ಕೆರೆ ಹೊಂಡಗಳ ಸಿಹಿನೀರಿನ ಚಿಪ್ಪುಗಳ ಮೇಲಿನ ಸಂಶೋಧನೆಯು 1987ರಲ್ಲಿ ಭುವನೇಶ್ವರದ ಬಳಿಯ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯಲ್ಲಿ ಆರಂಭವಾಯಿತು.

ಸೊಲ್ಲಾಪುರ ರಸ್ತೆಯ ಈ ಹಡಪಸರದಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ವಿಜಯಪುರ, ಕಲಬುರಗಿಗಳ ಕಡೆ ಪಿತ್ರಾರ್ಜಿತ ಹೊಲವಿದೆ. ಕೆಲವರು ಅಲ್ಲಿ ಕೃಷಿಹೊಂಡವನ್ನೂ ತೋಡಿಸಿದ್ದಾರೆ. ನಿವೃತ್ತಿಯ ಹಣವನ್ನು ಅದರಲ್ಲಿ ಮುತ್ತು ಬೆಳೆಯಲು ಹಾಕಬಹುದೇ ಎಂಬ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತಿರುವುದರಿಂದ ಈ ವಿಚಾರವನ್ನು ಮಂಡಿಸುತ್ತಿದ್ದೇನೆ.

ಕೃಷಿಯ ಕ್ರಮ ಹೀಗಿದೆ. ಸುಮಾರು 8 ಸೆಂಟಿಮೀಟರಿಗಿಂತ ದೊಡ್ಡದಾದ ಆರೋಗ್ಯವಂತ ಚಿಪ್ಪುಗಳನ್ನು ಆರಿಸಿ, ಎರಡು ಮೂರು ದಿನ ತೊಟ್ಟಿಯಲ್ಲಿ ಒತ್ತೊತ್ತಾಗಿ ಇಡುತ್ತಾರೆ. ಇದರಿಂದ ಅವುಗಳ ಸ್ನಾಯುಗಳು ಸಡಿಲಗೊಂಡು ಬಾಯಿ ತೆರೆಯಲು ಸುಲಭವಾಗುತ್ತದೆ. ಬಳಿಕ ಶಸ್ತ್ರಕ್ರಿಯೆ: ಪೊರೆಯನ್ನು ಮೆಲ್ಲನೆ ಬಿಡಿಸಿ, ಅದಕ್ಕೂ ಚಿಪ್ಪಿಗೂ ನಡುವೆ ಮಣಿಯನ್ನೋ ಗಣಪತಿಯಂತಹ ಪುಟ್ಟ ಅಚ್ಚನ್ನೋ ಇಡುತ್ತಾರೆ. ದುಂಡುಮುತ್ತು ಬೇಕಾದರೆ ಇನ್ನೊಂದು ಚಿಪ್ಪಿನ ಪೊರೆಯ ತುಣುಕನ್ನು ಮಣಿಯೊಡನೆ ಒಳದೇಹದಲ್ಲಿಯೇ ನೆಡಬೇಕಾಗುತ್ತದೆ. ಇದು ಹೆಚ್ಚು ಕಠಿಣ. ಗಾಯ ಮಾಯುವ ತನಕ ಸುಮಾರು ಹತ್ತು ದಿನಗಳ ಆರೈಕೆಯಾಗಬೇಕು. ನಂತರ ನೈಲಾನ್ ಬಲೆಚೀಲಕ್ಕೆ ಎರಡರಂತೆ ಹಾಕಿ, ಹೊಂಡದಲ್ಲಿ ಸುಮಾರು ಮೂರು ಅಡಿ ಆಳಕ್ಕೆ ತೂಗಬಿಡುತ್ತಾರೆ. ಮುತ್ತು ಕೈಸೇರಲು 12ರಿಂದ 18 ತಿಂಗಳು ಬೇಕು.

ಇಲ್ಲಿಯೇ ನಮ್ಮ ಭಾಗದ ರೈತನು ಯೋಚಿಸಬೇಕಾದ ಮೊದಲ ಅಂಶವಿದೆ. ಕೃಷಿಹೊಂಡವು ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವುದು ಸಾಮಾನ್ಯ. ಆದರೆ ಚಿಪ್ಪಿಗೆ ಒಂದು ಬೇಸಗೆಯನ್ನಾದರೂ ನೀರಿನಲ್ಲಿಯೇ ಕಳೆಯದೆ ಗತ್ಯಂತರವಿಲ್ಲ. ಎರಡನೆಯದಾಗಿ, ಈ ಜೀವಿಯು ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ತಿಂದು ಬದುಕುತ್ತದೆ. ಹೊಲದ ಕೀಟನಾಶಕವೋ ಕಾರ್ಖಾನೆಯ ಕೊಳಕೋ ಹರಿದು ಬಂದರೆ ಅದೂ ಅದರ ಹೊಟ್ಟೆ ಸೇರುತ್ತದೆ. ಆಗಾಗ ಚೀಲಗಳನ್ನು ತೆಗೆದು ನೋಡಿ, ಸತ್ತವನ್ನು ಬೇರ್ಪಡಿಸುವವರು ಹೊಂಡದ ಬಳಿ ಇರಲೇಬೇಕು. ಪುಣೆಯಲ್ಲಿ ಕುಳಿತು ದೂರವಾಣಿಯಲ್ಲಿ ಮಾಡಿಸುವ ಬೇಸಾಯ ಇದಲ್ಲ.

ಇನ್ನು ಲೆಕ್ಕಾಚಾರ. ಉದಾಹರಣೆಗಾಗಿ ಸಾವಿರ ಚಿಪ್ಪುಗಳನ್ನು ಬಿಟ್ಟಿರಿ ಎನ್ನೋಣ. ನಾನೂರು ಸತ್ತು, ಉಳಿದವುಗಳಲ್ಲಿ ಅರ್ಧದಷ್ಟರ ಮುತ್ತು ಮಾತ್ರ ಮಾರಾಟಕ್ಕೆ ಯೋಗ್ಯವಾದರೆ, ಸಾವಿರದ ಖರ್ಚನ್ನು ಮುನ್ನೂರು ಚಿಪ್ಪುಗಳೇ ಹೊರಬೇಕು. ಸಾವಿರ ಚಿಪ್ಪಿಗೆ ಸಾವಿರ ಮುತ್ತಿನ ಬೆಲೆಯನ್ನು ಗುಣಿಸಿ ತೋರಿಸುವ ಜಾಹೀರಾತನ್ನು ಈ ಕಾರಣದಿಂದ ನಂಬಲಾಗದು. “ಹಣ ನಮಗೆ ಕೊಡಿ, ಬೆಳೆದ ಮುತ್ತನ್ನು ನಾವೇ ಕೊಳ್ಳುತ್ತೇವೆ” ಎಂಬ ಭರವಸೆಯ ಮುಂದೆ ಇನ್ನೂ ಹೆಚ್ಚು ಎಚ್ಚರ ಬೇಕು. ಕೊಳ್ಳುವವನು ಯಾರು, ಯಾವ ದರ್ಜೆಗೆ ಯಾವ ಬೆಲೆ, ಮುತ್ತನ್ನು ತಿರಸ್ಕರಿಸುವ ಹಕ್ಕು ಯಾರದು ಎಂಬುದನ್ನು ಬರಹದಲ್ಲಿ ಪಡೆಯದೆ ರುಜು ಹಾಕಬಾರದು.

ಹೀಗೆಂದು ಈ ಉದ್ಯಮವೇ ವ್ಯರ್ಥವೆಂದು ನನ್ನ ಅಭಿಪ್ರಾಯವಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯು ಮುತ್ತಿನ ಕೃಷಿಗೂ ಸಹಾಯಧನವನ್ನು ಗೊತ್ತುಪಡಿಸಿತು. ಆಸಕ್ತರು ಮೊದಲು ತರಬೇತಿಯನ್ನು ಪಡೆಯಲಿ. ಮೀನುಗಾರಿಕೆ ಇಲಾಖೆಯವರಿಂದ ನೀರನ್ನು ಪರೀಕ್ಷಿಸಿಕೊಳ್ಳಲಿ. ಹೋದರೂ ಸಂಸಾರ ಕದಲದಷ್ಟು ಹಣದಿಂದ, ನೂರು ಚಿಪ್ಪುಗಳಿಂದ ಪ್ರಾರಂಭಿಸಲಿ. ಜೀವಮಾನದ ಉಳಿತಾಯವನ್ನು ಒಂದೇ ಹೊಂಡದಲ್ಲಿ ಮುಳುಗಿಸಬಾರದೆಂದು ಸಂಘದ ಬಂಧುಗಳಲ್ಲಿ ನನ್ನ ವಿನಂತಿ.