ಹಣದ ವ್ಯಾಜ್ಯ ಯಾವ ಕೋರ್ಟಿನ ಬಾಗಿಲಿಗೆ?

ಭಾರತದಲ್ಲಿ ಕೋರ್ಟುಗಳದ್ದು ಒಂದೇ ಏಣಿ: ಜಿಲ್ಲಾ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್. ನಾವು ಬಂದು ನೆಲೆಸಿದ ಅಮೆರಿಕದಲ್ಲಿ ಏಣಿಗಳು ಎರಡು: ರಾಜ್ಯದ್ದು ಮತ್ತು ಫೆಡರಲ್. ಸಾಲ, ಒಪ್ಪಂದಗಳ ಜಗಳ ಸಹಜವಾಗಿ ರಾಜ್ಯದ ಕೋರ್ಟಿಗೆ ಸೇರಿದ್ದು. ಅದು ಫೆಡರಲ್ ಕೋರ್ಟಿಗೆ ಹೋಗಬೇಕಾದರೆ ಸಾಮಾನ್ಯವಾಗಿ ವಾದಿ, ಪ್ರತಿವಾದಿಗಳು ಬೇರೆ ಬೇರೆ ರಾಜ್ಯದವರಾಗಿರಬೇಕು. ಮೊತ್ತ 75,000 ಡಾಲರ್ ಮೀರಿರಬೇಕು. ಎರಡು ಪಕ್ಷಗಳಲ್ಲೂ ಒಂದೇ ರಾಜ್ಯದವರು ಒಬ್ಬೊಬ್ಬರಿದ್ದರೂ ಆ ಬಾಗಿಲು ಮುಚ್ಚಿತು. ಈ ನಿಯಮ 1806ರಷ್ಟು ಹಳೆಯದು.

ಮನುಷ್ಯನ ರಾಜ್ಯ ಅವನ ಕಾಯಂ ನೆಲೆ ಇರುವಲ್ಲಿ. ಹಣಕಾಸು ಸಂಸ್ಥೆಗೆ ರಾಜ್ಯ ಯಾವುದು? ತೊಡಕು ಶುರುವಾಗುವುದು ಇಲ್ಲಿ. ಕಾರ್ಪೊರೇಷನ್‌ಗೆ ಎರಡು: ನೋಂದಣಿಯಾದ ರಾಜ್ಯ ಮತ್ತು ಮುಖ್ಯ ಆಡಳಿತ ನಡೆಯುವ ರಾಜ್ಯ. ರಾಷ್ಟ್ರೀಯ ಬ್ಯಾಂಕಿಗೆ ಅದರ ಸ್ಥಾಪನಾ ಪತ್ರದಲ್ಲಿ ಹೆಸರಿಸಿದ ಪ್ರಧಾನ ಕಚೇರಿಯ ರಾಜ್ಯವೇ ಲೆಕ್ಕ, ಶಾಖೆಗಳಿರುವ ರಾಜ್ಯಗಳಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ವಾಕೋವಿಯಾ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು.

ಟ್ರಸ್ಟ್ ಆದರೆ? ಫಿಡೆಲಿಟಿ ಮಾರ್ಟ್‌ಗೇಜ್ ಇನ್ವೆಸ್ಟರ್ಸ್ ಎಂಬ ಟ್ರಸ್ಟ್ 1971ರಲ್ಲಿ ಟೆಕ್ಸಸ್‌ನ ಒಂದು ಸಂಸ್ಥೆಗೆ 8.5 ಲಕ್ಷ ಡಾಲರ್ ಸಾಲ ಕೊಟ್ಟಿತು. ಆ ಸಾಲ ತೀರಿಸಲು ಅಷ್ಟೇ ಹಣ ಕೊಡುವುದಾಗಿ ನವಾರೊ ಸೇವಿಂಗ್ಸ್ ಅಸೋಸಿಯೇಷನ್ ಮಾತು ಕೊಟ್ಟಿತ್ತು. 1973ರಲ್ಲಿ ಕೇಳಿದಾಗ ಕೊಡಲಿಲ್ಲ. 1976ರಲ್ಲಿ ಟ್ರಸ್ಟಿಗಳು ಫೆಡರಲ್ ಕೋರ್ಟಿಗೆ ಹೋದರು. ಟ್ರಸ್ಟಿನ ಷೇರುದಾರರಲ್ಲಿ ಟೆಕ್ಸಸ್‌ನವರೂ ಇದ್ದಾರೆಂದು ಜಿಲ್ಲಾ ಕೋರ್ಟ್ ದಾವೆ ವಜಾ ಮಾಡಿತು. ಆಸ್ತಿಯ ಹಕ್ಕು, ಆಡಳಿತ ಎರಡೂ ಟ್ರಸ್ಟಿಗಳ ಕೈಯಲ್ಲಿರುವುದರಿಂದ ಅವರ ರಾಜ್ಯ ನೋಡಿದರೆ ಸಾಕು ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 1980ರಲ್ಲಿ. ನವಾರೊ ಹಣ ಕೊಡಬೇಕೇ ಎಂಬ ಮೂಲ ಪ್ರಶ್ನೆ ಅಲ್ಲಿಯವರೆಗೂ ಕಾದಿತ್ತು.

ಪಾಲುದಾರಿಕೆ ಸಂಸ್ಥೆಗೆ ಈ ರಿಯಾಯಿತಿ ಇಲ್ಲ. ಅದರ ಪ್ರತಿಯೊಬ್ಬ ಪಾಲುದಾರನ ರಾಜ್ಯವೂ ಲೆಕ್ಕಕ್ಕೆ ಬರುತ್ತದೆ ಎಂದು 1990ರ ಕಾರ್ಡನ್ ತೀರ್ಪು ಹೇಳಿತು. ಎಲ್‌ಎಲ್‌ಸಿಗಳಿಗೂ ಫೆಡರಲ್ ಮೇಲ್ಮನವಿ ಕೋರ್ಟುಗಳು ಇದನ್ನೇ ಅನ್ವಯಿಸುತ್ತವೆ. ಸ್ನೇಹಿತರು, ನೆಂಟರು ಸೇರಿ ಎಲ್‌ಎಲ್‌ಸಿಯಲ್ಲಿ ಹಣ ಹೂಡುವ ನಮ್ಮವರು ಗಮನಿಸಬೇಕಾದದ್ದು ಇದನ್ನೇ.

ಎರಡೂ ಪಕ್ಷಗಳು ಒಪ್ಪಿ ಕರಾರಿನಲ್ಲಿ ಬರೆದುಕೊಂಡರೂ ಫೆಡರಲ್ ಕೋರ್ಟಿಗೆ ಇಲ್ಲದ ಈ ಅಧಿಕಾರ ಹುಟ್ಟುವುದಿಲ್ಲ. ಅಟ್ಲಾಸ್ ಎಂಬ ಟೆಕ್ಸಸ್‌ನ ಪಾಲುದಾರಿಕೆ ಸಂಸ್ಥೆ ಮೆಕ್ಸಿಕೋದ ಕಂಪನಿಯೊಂದರ ವಿರುದ್ಧ ಜ್ಯೂರಿಯಿಂದ 7.5 ಲಕ್ಷ ಡಾಲರ್ ಗೆದ್ದಿತ್ತು. ದಾವೆ ಹೂಡಿದ ದಿನ ತನ್ನ ಪಾಲುದಾರರಲ್ಲೂ ಮೆಕ್ಸಿಕೋದವರಿದ್ದ ಕಾರಣ 2004ರಲ್ಲಿ ಆ ಗೆಲುವನ್ನೇ ಕಳೆದುಕೊಂಡಿತು. ಆ ಪಾಲುದಾರರು ವಿಚಾರಣೆಗೆ ಮುಂಚೆಯೇ ಸಂಸ್ಥೆ ಬಿಟ್ಟಿದ್ದರೂ ಉಪಯೋಗವಾಗಲಿಲ್ಲ. ಆದ್ದರಿಂದ ದಾವೆಗೆ ಮೊದಲು ವಕೀಲರ ಮುಂದೆ ಒಪ್ಪಂದದ ಜೊತೆಗೆ ಸದಸ್ಯರೆಲ್ಲರ ಊರು, ಪೌರತ್ವದ ಪಟ್ಟಿಯನ್ನೂ ಇಡುವುದು ಒಳ್ಳೆಯದು.