ಅಕ್ಷರವಿಲ್ಲದ ಒಂದು ಧ್ವನಿ: ಕಂಠನಿರೋಧದ ಉಚ್ಚಾರಣೆಯೂ ಲೇಖನವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಗ್ರಾಮ್ಯಭಾಷೆಯಲ್ಲಿ ಪದಾದಿಯ ಹಕಾರವು ಬಹುಮಟ್ಟಿಗೆ ಲೋಪವಾಗುವುದೆಂಬುದು ವಿದಿತವೇ. ಹಳ್ಳಿಯು ‘ಅಳ್ಳಿ’ಯಾಗುವುದು, ಹಾಲು ‘ಆಲು’ ಆಗುವುದು, ಸಮ್ಮತಿಸೂಚಕವಾದ ‘ಹೂಂ’ ಎಂಬುದು ‘ಊಂ’ ಎಂದಾಗುವುದು. ಹಾಗಾದರೆ ನಿಷೇಧಾರ್ಥಕವಾದ ‘ಊಹೂಂ’ ಎಂಬುದರ ಗತಿಯೇನು? ನಡುವಣ ಹಕಾರವೂ ಹೋದರೆ ಎರಡು ಸ್ವರಗಳು ಬೆರೆತು, ‘ಹೌದು’ ‘ಇಲ್ಲ’ಗಳ ಭೇದವೇ ಅಳಿಯಬೇಕಾಗಿತ್ತು. ಆದರೆ “ಉಂಡೆಯಾ?” ಎಂದು ಕೇಳಿದವನಿಗೆ ಉತ್ತರದಲ್ಲಿ ಸಂದೇಹವೇ ಉಂಟಾಗುವುದಿಲ್ಲ. ಸ್ವರದ ಏರಿಳಿತದೊಡನೆ ಅಲ್ಲಿ ಕಂಠನಿರೋಧವೆಂಬ ಇನ್ನೊಂದು ಧ್ವನಿಯು ನೆರವಾಗುತ್ತದೆ.

ಇದರ ಉಚ್ಚಾರಣಕ್ರಮವು ಸುಲಭ. ‘ಊ’ ಎಂದು ತೊಡಗಿ, ಭಾರವನ್ನೆತ್ತುವಾಗ ಉಸಿರನ್ನು ಬಿಗಿಹಿಡಿಯುವಂತೆ ಗಂಟಲಲ್ಲಿ ಕ್ಷಣಕಾಲ ತಡೆದು, ಬಳಿಕ ‘ಊಂ’ ಎಂದು ಬಿಡಬೇಕು. ನಮ್ಮ ಶಿಕ್ಷಾಕಾರರು ಕಂಠಬಿಲದ ವಿವಾರ ಸಂವಾರಗಳನ್ನು ಸೂಕ್ಷ್ಮವಾಗಿ ವಿವೇಚಿಸಿದರು. ಆದರೆ ಅದರ ಪೂರ್ಣನಿರೋಧವನ್ನು ವರ್ಣಮಾಲೆಯಲ್ಲಿ ಎಣಿಸಲಿಲ್ಲ. ಆದುದರಿಂದಲೇ ಕನ್ನಡಕ್ಕೂ ಇದರ ಅಕ್ಷರವು ಬರಲಿಲ್ಲ.

ಇನ್ನು ಬರೆಯುವ ಬಗೆ. ‘ಕುರ್‌ಆನ್’ ಎಂಬಲ್ಲಿ ಅರಬ್ಬಿಯ ಹಮ್ಜಾ ಧ್ವನಿಯನ್ನು ವ್ಯಂಜನದ ಮುಂದೆ ಬಿಡಿಸ್ವರವಿಟ್ಟು ಸೂಚಿಸುವ ರೂಢಿಯುಂಟು. ಎರಡು ಸ್ವರಗಳ ನಡುವೆ ಈ ಉಪಾಯವು ಸಾಲದು. ‘ಊಊಂ’ ಎಂದು ಬರೆದರೆ ಓದುಗನು ಬರಿಯ ದೀರ್ಘವೆಂದು ಎಳೆಯುವನು. ಅವಗ್ರಹವೂ ಸಲ್ಲದು; ಅದು ಸಂಸ್ಕೃತದಲ್ಲಿ ಅಕಾರಲೋಪಕ್ಕೂ ಕನ್ನಡದಲ್ಲಿ ಸ್ವರವನ್ನು ಎಳೆಯುವುದಕ್ಕೂ ಸಂಕೇತವಾಗಿದೆ. ನಿರೋಧಕ್ಕೆ ಎಳೆತದ ಗುರುತನ್ನಿಡುವುದು ವಿಪರೀತವಲ್ಲವೆ?

ಅನ್ಯರು ಹೇಗೆ ನಿರ್ವಹಿಸಿದ್ದಾರೆಂಬುದನ್ನು ನೋಡೋಣ. ಹವಾಯಿ ಭಾಷೆಯವರು ತಲೆಕೆಳಗಾದ ಅಲ್ಪವಿರಾಮದಂತಹ ಒಂದು ಚಿಹ್ನೆಯನ್ನು ವ್ಯಂಜನವೆಂದೇ ಎಣಿಸುವರು. ಚಲಚ್ಚಿತ್ರಕ್ಕಾಗಿ ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿಯು ಕಟ್ಟಿದ ಕ್ಲಿಂಗಾನ್ ಎಂಬ ಕಲ್ಪಿತಭಾಷೆಗೆ 1985ರಲ್ಲಿ ನಿಘಂಟು ಪ್ರಕಟವಾಯಿತು. ಅದರಲ್ಲಿ ಮೇಲುಗೊಕ್ಕೆಯೊಂದು ಈ ಧ್ವನಿಗೆ ಪೂರ್ಣಾಕ್ಷರದ ಪದವಿಯನ್ನು ಪಡೆದಿದೆ. ಕಲ್ಪನೆಯಿಂದ ಹುಟ್ಟಿದ ಭಾಷೆಗೆ ದೊರೆತ ಮರ್ಯಾದೆಯು ಮಾಗಡಿಯ ರೈತನ ಮಾತಿಗೆ ದೊರೆಯಬಾರದೆ?

ಆದಕಾರಣ ಗ್ರಾಮ್ಯಭಾಷೆಯನ್ನು ಸಂಗ್ರಹಿಸುವವರು ‘ಊ’ಊಂ’ ಎಂದು ಮೇಲುಗೊಕ್ಕೆಯಿಟ್ಟು ಬರೆದು, ಅದರ ಅರ್ಥವನ್ನು ಪೀಠಿಕೆಯಲ್ಲಿ ತಿಳಿಸುವುದು ಯುಕ್ತವೆಂದು ತೋರುತ್ತದೆ. ಗ್ರಂಥಸ್ಥಭಾಷೆಗೆ ಇದರ ಅಗತ್ಯವಿಲ್ಲ. ಸಂಗ್ರಹದಲ್ಲಿ ಮಾತ್ರ, ನುಡಿದವನು ಆಡದ ಹಕಾರವನ್ನು ನಾವು ಸೇರಿಸಿದರೆ, ಮುಂದಿನ ವೈಯಾಕರಣನು ಆ ಸೀಮೆಯಲ್ಲಿ ಪದಮಧ್ಯದ ಹಕಾರವು ಉಳಿದಿತ್ತೆಂದು ಸಿದ್ಧಾಂತ ಮಾಡುವನು. ಆ ತಪ್ಪು ಅವನದಲ್ಲ, ನಮ್ಮದು. ವಿದ್ವಾಂಸರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ.